ಬೆನ್ನ ಹುಣ್ಣಿಗೆ ಕನ್ನಡಿ ಬೇಕು

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಗಾದೆ ಕಟ್ಟಿದವರು ಜಾಣರು. ಆದರೆ ಅವರು ಮಾತನ್ನು ಅಲ್ಲಿಗೇ ನಿಲ್ಲಿಸಿಬಿಟ್ಟರು. ಬೆನ್ನ ಮೇಲೆ ಹುಣ್ಣಾದರೆ ಏನು ಮಾಡಬೇಕೆಂದು ಹೇಳಲಿಲ್ಲ. ಅವರ ಕಾಲಕ್ಕೆ ಅದರ ಅಗತ್ಯ ಇರಲಿಲ್ಲವೇನೋ. ಎತ್ತಿನ ಗಾಡಿ ಹೊಡೆಯುವವನ ಬೆನ್ನ ಹಿಂದೆ ಬರುವುದು ಇನ್ನೊಂದು ಎತ್ತಿನ ಗಾಡಿ. ಅದು ಬಂದು ಮುಟ್ಟುವುದರೊಳಗೆ ಎಲೆಯಡಿಕೆ ಹಾಕಿಕೊಂಡು, ಅಗಿದು, ಉಗುಳುವಷ್ಟು ಪುರಸೊತ್ತು ಇರುತ್ತಿತ್ತು. ಈಗ ಬೆನ್ನ ಹಿಂದೆ ಬರುವುದು ಎಂಬತ್ತು ಕಿಲೋಮೀಟರು ವೇಗದ ಲಾರಿ. ಆದ್ದರಿಂದ ಇವತ್ತು ನಾನು ಕನ್ನಡಿಯ ವಿಷಯಕ್ಕೆ ಜಗಳ ತೆಗೆಯಬೇಕೆಂದು ಕೂತಿದ್ದೇನೆ. ಗೋಡೆಯ ಮೇಲಿನ ಕನ್ನಡಿಯಲ್ಲ, ಗಾಡಿಯ ಕನ್ನಡಿ. ಜಗಳ ಗಂಡಸರ ಜೊತೆ ಇದೆ, ನಿಮ್ಮ ಜೊತೆಯೂ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಜೊತೆ ಇದೆ. ಅದು ಯಾಕೆಂದು ಮುಂದೆ ಹೇಳುತ್ತೇನೆ.

ನಾನು ಮೋರಟಗಿಯವಳು. ಸಿಂದಗಿಯಿಂದ ಜೇವರ್ಗಿಗೆ ಹೋಗುವ ದಾರಿಯ ಮೇಲೆ ನಮ್ಮೂರು. ಹಗಲು ರಾತ್ರಿ ಎನ್ನದೆ ಗಾಡಿಗಳು. ಸುಗ್ಗಿ ಬಂತೆಂದರೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಂದು ಎಂಜಿನ್ನಿಗೆ ಎರಡು ಟ್ರೇಲರು, ಟ್ರೇಲರಿನ ಅಗಲಕ್ಕಿಂತ ಎರಡು ಮೊಳ ಆಚೆಗೆ ಚಾಚಿದ ಕಬ್ಬು, ಮೇಲೆ ಕಿವಿ ಕಿತ್ತುಹೋಗುವ ಹಾಡು. ಆ ಟ್ರ್ಯಾಕ್ಟರಿನವನಿಗೆ ಹಿಂದಿನದು ಕಾಣುವುದಿಲ್ಲ, ಕೇಳುವುದೂ ಇಲ್ಲ. ಅವನ ನಡುವೆ ಟಂಟಂ, ಕ್ರೂಸರ್, ಬೈಕು, ಕುರಿ ಹಿಂಡು, ಸೈಕಲ್ ಮೇಲೆ ಶಾಲೆಗೆ ಹೋಗುವ ನಮ್ಮ ಮಕ್ಕಳು. ಎಲ್ಲರಿಗೂ ಅದೇ ಒಂದು ದಾರಿ.

ನಾನು ಚಿಕ್ಕವಳಿದ್ದಾಗ ನಮ್ಮಪ್ಪ ಸಂತೆಗೆ ಗಾಡಿ ಹೂಡುತ್ತಿದ್ದ. ನನ್ನನ್ನು ಗಾಡಿಯ ಹಿಂಬದಿಗೆ, ದಾರಿಯ ಕಡೆ ಮುಖ ಮಾಡಿ, ಕಾಲು ಇಳಿಬಿಟ್ಟು ಕೂಡಿಸುತ್ತಿದ್ದ. "ಹಿಂದ ಮೋಟಾರ ಏನರೆ ಬಂದ್ರ ಒದರು" ಎನ್ನುತ್ತಿದ್ದ. ದೂರದಲ್ಲಿ ಧೂಳು ಎದ್ದರೆ ನಾನು "ಅಪ್ಪಾ, ಬಸ್ಸು!" ಎಂದು ಒದರುತ್ತಿದ್ದೆ. ಅವನು ಎತ್ತುಗಳನ್ನು ಎಡಕ್ಕೆ ಎಳೆಯುತ್ತಿದ್ದ. ಆರು ವರ್ಷದ ನಾನೇ ಆ ಗಾಡಿಯ ಕನ್ನಡಿಯಾಗಿದ್ದೆ. ಅಕ್ಷರ ಬಾರದ ನಮ್ಮಪ್ಪನಿಗೆ ಬೆನ್ನ ಹಿಂದೆ ಒಂದು ಕಣ್ಣು ಬೇಕೆಂಬುದು ಗೊತ್ತಿತ್ತು. ಬಿ.ಎ., ಬಿ.ಇಡಿ. ಮಾಡಿದ ಅವನ ಮಗಳಿಗೆ ಅದು ಗೊತ್ತಾಗಲು ಐವತ್ತು ವರ್ಷ ದಾಟಬೇಕಾಯಿತು. ಅದೂ ಬೇರೊಬ್ಬರ ಮಗಳ ಕೈ ಮುರಿದ ಮೇಲೆ.

ಕನ್ನಡಿ ಎಂದ ಕೂಡಲೇ ನಗುವವರಿದ್ದಾರೆ. ಹೆಂಗಸರಿಗೂ ಕನ್ನಡಿಗೂ ಏನೋ ಜನ್ಮದ ನಂಟಂತೆ. ಹೆಣ್ಣುಮಗಳು ಸ್ಕೂಟಿ ಹತ್ತಿದರೆ "ಕನ್ನಡ್ಯಾಗ ಮಾರಿ ನೋಡ್ಕೋತ ಹೊಂಟಾಳ" ಎಂದು ಕಟ್ಟೆಯ ಮೇಲೆ ಕೂತವರು ಹಲ್ಲು ಕಿರಿಯುತ್ತಾರೆ. ನಾನು ಈ ದಾರಿಯಲ್ಲಿ ನಲವತ್ತು ವರ್ಷ ಓಡಾಡಿದ್ದೇನೆ. ಗಾಡಿಯ ಕನ್ನಡಿಯಲ್ಲಿ ಯಾರು ಏನು ನೋಡಿಕೊಳ್ಳುತ್ತಾರೆ ಎಂಬುದನ್ನು ಸಾಕಷ್ಟು ಕಂಡಿದ್ದೇನೆ. ಟಂಟಂನವನು ಒಳಗಿನ ಕನ್ನಡಿ ತಿರುವಿ ತಲೆ ಬಾಚಿಕೊಳ್ಳುತ್ತಾನೆ. ಕ್ರೂಸರಿನವನು ಅದೇ ಕನ್ನಡಿಯನ್ನು ಕೆಳಗೆ ಬಗ್ಗಿಸಿ ಹಿಂದಿನ ಸೀಟಿನಲ್ಲಿ ಕೂತ ಕಾಲೇಜು ಹುಡುಗಿಯರನ್ನು ನೋಡುತ್ತಾನೆ. ನಿಮ್ಮಲ್ಲಿ ಯಾರಿಗೆ ಈ ಅನುಭವ ಇಲ್ಲ, ಹೇಳಿ. ಸೆರಗು ಸರಿ ಮಾಡಿಕೊಂಡು, ಮುಖ ಕಿಟಕಿಯ ಕಡೆ ತಿರುಗಿಸಿ, ಊರು ಬರುವತನಕ ಕುತ್ತಿಗೆ ನೋಯಿಸಿಕೊಂಡು ಕೂತವರು ನಾವು. ಆ ಕನ್ನಡಿ ಇರುವುದು ಹಿಂದಿನ ಗಾಜಿನಾಚೆಗಿನ ದಾರಿ ನೋಡಲು. ದಾರಿ ನೋಡಬೇಕಾದವನು ನಮ್ಮನ್ನು ನೋಡುತ್ತಾ ಹೊರಟರೆ ಅವನು ಅಮರ್ಯಾದಸ್ಥ ಮಾತ್ರವಲ್ಲ, ಹಿಂದಿನ ಲಾರಿಯನ್ನು ಕಾಣದ ಕುರುಡನೂ ಹೌದು. ಒಂದು ಗಾಡಿಯ ತುಂಬ ಜನರ ಜೀವ ಅವನ ಕೈಯಲ್ಲಿರುತ್ತದೆ. ಆದ್ದರಿಂದ "ತಮ್ಮಾ, ಕನ್ನಡಿ ಮ್ಯಾಲೆ ಮಾಡು, ಹಿಂದಿನ ದಾರಿ ನೋಡು" ಎಂದು ಗಟ್ಟಿಯಾಗಿ ಹೇಳುವುದು ನಮ್ಮ ಮರ್ಯಾದೆಯ ಪ್ರಶ್ನೆಯಷ್ಟೇ ಅಲ್ಲ, ಇಡೀ ಗಾಡಿಯ ಪ್ರಶ್ನೆ. ನಾಚಿಕೆ ಪಡಬೇಕಾದವರು ನಾವಲ್ಲ.

ಇನ್ನು ಬೈಕಿನ ಹುಡುಗರು. ಹೊಸ ಬೈಕು ಮನೆಗೆ ಬಂದ ದಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತೇವೆ. ಎರಡನೆಯ ದಿನ ಮಗ ಪಾನಾ ತಂದು ಎರಡೂ ಕನ್ನಡಿ ಬಿಚ್ಚಿ ಅಟ್ಟದ ಮೇಲೆ ಎಸೆಯುತ್ತಾನೆ. ಯಾಕಪ್ಪಾ ಎಂದರೆ ಚಂದ ಕಾಣುವುದಿಲ್ಲ ಎನ್ನುತ್ತಾನೆ. ನಾವು ತಾಯಂದಿರು ಸುಮ್ಮನಿರುತ್ತೇವೆ. ಹತ್ತನೆಯ ತರಗತಿಯಲ್ಲಿ ಪೀನ ದರ್ಪಣದ ಒಂದು ಉಪಯೋಗ ಬರೆಯಿರಿ ಎಂದು ಕೇಳಿದರೆ ಇದೇ ಹುಡುಗ 'ವಾಹನಗಳ ಹಿನ್ನೋಟ ಕನ್ನಡಿಯಾಗಿ ಬಳಸುತ್ತಾರೆ' ಎಂದು ಬರೆದು ಅಂಕ ತೆಗೆದುಕೊಂಡಿರುತ್ತಾನೆ. ಹೊರಗೆ ಬಂದು ಅದೇ ದರ್ಪಣವನ್ನು ಬಿಚ್ಚಿ ಎಸೆಯುತ್ತಾನೆ. ಕಲಿಸಿದ ನಮಗೂ ಕಲಿತ ಅವನಿಗೂ ಅಂಕದಾಚೆ ಅದಕ್ಕೊಂದು ಅರ್ಥವಿದೆ ಎಂದು ಹೊಳೆಯಲೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆ ಬಂತು, 1989ರಲ್ಲಿ ಕೇಂದ್ರದ ನಿಯಮಗಳು ಬಂದವು, ಅವುಗಳಲ್ಲಿ ಗಾಡಿಗೆ ಕನ್ನಡಿ ಇರಬೇಕೆಂದೂ ಇದೆ. ಆದರೆ ಕಾಯ್ದೆ ಅಟ್ಟ ಹತ್ತಿ ಕನ್ನಡಿ ಇಳಿಸಿ ತರುವುದಿಲ್ಲ. ಅದನ್ನು ಮನೆಯವರೇ ತರಬೇಕು.

ಕನ್ನಡಿ ಬಿಟ್ಟು ನಾವು ನಂಬಿಕೊಂಡಿರುವುದು ಹಾರ್ನನ್ನು. ಲಾರಿಗಳ ಹಿಂದೆ ಹಾರ್ನ್ ಮಾಡಿ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿರುತ್ತಾರೆ. ಅದರ ಅರ್ಥವೇನು? ನಾನು ಹಿಂದೆ ನೋಡುವುದಿಲ್ಲ, ನೀನೇ ಒದರಿ ನಿನ್ನ ಜೀವ ಉಳಿಸಿಕೋ ಎಂದಲ್ಲವೇ? ನೆರೆಯ ಮಹಾರಾಷ್ಟ್ರದಲ್ಲಿ 2015ರಲ್ಲಿ 'ಹಾರ್ನ್ ಓಕೆ ಪ್ಲೀಸ್' ಎಂದು ಬರೆಸುವುದನ್ನೇ ನಿಷೇಧಿಸಿದರು. ಸೊಲ್ಲಾಪುರ ದಾಟಿ ನಮ್ಮ ಕಡೆ ಬರುವ ಲಾರಿಗಳ ಮೇಲೆ ಅದು ಇನ್ನೂ ಕಾಣುತ್ತಲೇ ಇರುತ್ತದೆ. ಹಾರ್ನ್ ಇರುವವನು ಒದರಿಕೊಳ್ಳುತ್ತಾನೆ. ಸೈಕಲ್ ಮೇಲಿನ ಹುಡುಗಿ ಏನು ಒದರಬೇಕು? ನಡೆದು ಹೋಗುವ ಮುದುಕಿ ಏನು ಒದರಬೇಕು?

ಗಾಡಿಯ ಕನ್ನಡಿಯನ್ನು ಹೆಂಗಸರ ಶೋಕಿ ಎಂದು ನಗುವವರಿಗೆ ನಾನೊಂದು ಕಥೆ ಹೇಳುತ್ತೇನೆ. ನೂರು ವರ್ಷಕ್ಕೂ ಹಿಂದಿನ ಮಾತು. ಇಂಗ್ಲೆಂಡಿನಲ್ಲಿ ಡೊರೊಥಿ ಲೆವಿಟ್ ಎಂಬ ಹೆಣ್ಣುಮಗಳಿದ್ದಳು. ಕಾರಿನ ಪಂದ್ಯಗಳಲ್ಲಿ ಗಂಡಸರ ಸಮಕ್ಕೆ ಓಡಿಸುತ್ತಿದ್ದವಳು. 1909ರಲ್ಲಿ ಅವಳು 'ದಿ ವುಮನ್ ಅಂಡ್ ದಿ ಕಾರ್' ಎಂಬ ಪುಸ್ತಕ ಬರೆದಳು. ಕಾರು ಓಡಿಸುವ ಹೆಂಗಸರು ಒಂದು ಸಣ್ಣ ಕೈಗನ್ನಡಿ ಜೊತೆಗಿಟ್ಟುಕೊಳ್ಳಬೇಕು, ಆಗಾಗ ಅದನ್ನು ಎತ್ತಿ ಹಿಡಿದು ಹಿಂದೆ ಯಾರು ಬರುತ್ತಿದ್ದಾರೆಂದು ನೋಡಿಕೊಳ್ಳಬೇಕು ಎಂದು ಅದರಲ್ಲಿ ಹೇಳಿದಳು. ಇದಾದ ಎರಡು ವರ್ಷಕ್ಕೆ, 1911ರಲ್ಲಿ, ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಐನೂರು ಮೈಲಿಯ ಮೊದಲ ಓಟ ನಡೆಯಿತು. ಉಳಿದವರು ತಮ್ಮ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್‌ನನ್ನು ಕೂಡಿಸಿಕೊಂಡಿದ್ದರು, ಹಿಂದೆ ನೋಡಿ ಹೇಳುವುದೂ ಅವನ ಕೆಲಸ, ನಮ್ಮಪ್ಪ ನನ್ನನ್ನು ಕೂಡಿಸಿದ ಹಾಗೆ. ರೇ ಹ್ಯಾರೂನ್ ಎಂಬವನು ಮಾತ್ರ ಒಬ್ಬನೇ ಕೂತು, ಕಾರಿಗೆ ಕನ್ನಡಿ ಕಟ್ಟಿಕೊಂಡು ಓಡಿಸಿ, ಗೆದ್ದ. ಹೆಸರು ಅವನದಾಯಿತು. ಆದರೆ ಬುದ್ಧಿಮಾತು ಅದಕ್ಕೂ ಮುಂಚೆ ಪುಸ್ತಕದಲ್ಲಿ ಅಚ್ಚಾಗಿತ್ತು. ಅದನ್ನು ಹೇಳಿದವಳು ಹೆಣ್ಣುಮಗಳು. ಇನ್ನು ಮುಂದೆ ಕಟ್ಟೆಯ ಮೇಲಿನವರು ನಕ್ಕರೆ ಈ ಕಥೆ ಹೇಳಿ.

ಈಗ ನನ್ನ ಕಥೆಗೆ ಬರುತ್ತೇನೆ. ಹೇಳಲು ಸಂಕೋಚವಿದೆ, ಆದರೆ ಹೇಳದೆ ಈ ಜಗಳಕ್ಕೆ ನನಗೆ ಹಕ್ಕಿಲ್ಲ.

ಐವತ್ತರ ವಯಸ್ಸಿನಲ್ಲಿ ನಾನು ಕಾರು ಕಲಿತೆ. ನಮ್ಮ ಮನೆಯವರು ಸೆಕೆಂಡ್ ಹ್ಯಾಂಡ್ ಸಣ್ಣ ಕಾರೊಂದನ್ನು ತಂದಿದ್ದರು. ಬಸ್ಸಿಗೆ ಕಾದು ಕಾದು ಮೊದಲ ಗಂಟೆ ತಪ್ಪುತ್ತಿದ್ದ ನನಗೆ, ನಾನೇ ಯಾಕೆ ಕಲಿಯಬಾರದು ಎನಿಸಿತು. ಕಲಿಸಿದವನು ಗೇರು, ಕ್ಲಚ್ಚು, ಬ್ರೇಕು ಎಲ್ಲ ಕಲಿಸಿದ. ಅವನ ಗಾಡಿಯ ಒಳಗಿನ ಕನ್ನಡಿ ಅವನ ಕಡೆಗೇ ತಿರುಗಿತ್ತು. ಹಿಂದಿನದನ್ನು ಅವನೇ ನೋಡಿಕೊಂಡು "ಈಗ ತಿರುವ್ರಿ ಮೇಡಂ" ಎನ್ನುತ್ತಿದ್ದ. ಇಪ್ಪತ್ತು ದಿನ ನಾನು ಅವನ ಕಣ್ಣಿನಿಂದ ಗಾಡಿ ಓಡಿಸಿದೆ. ಲೈಸೆನ್ಸಿನ ದಿನವೂ ಕನ್ನಡಿಯ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ಲೈಸೆನ್ಸು ಬಂತು. ಮನೆಯಲ್ಲಿ ಹೋಳಿಗೆ ಮಾಡಿದೆ.

ನಮ್ಮ ಮನೆಯವರು ಐದಡಿ ಒಂಬತ್ತು ಇಂಚು. ನಾನು ಐದಡಿಗೆ ಒಂದು ಇಂಚು ಕಡಿಮೆ. ಅವರ ಅಳತೆಗೆ ಹೊಂದಿಸಿದ ಕನ್ನಡಿಯಲ್ಲಿ ನನಗೆ ಕಾಣುತ್ತಿದ್ದುದು ಕಾರಿನ ಛಾವಣಿ. ಬಲಗಡೆಯ ಕನ್ನಡಿಯಲ್ಲಿ ಆಕಾಶ, ಬೇವಿನ ಮರದ ತುದಿ. ಮೊದಲ ದಿನ ಅದಕ್ಕೆ ಕೈ ಹಾಕಿದಾಗ ಅವರು "ಕನ್ನಡಿ ಮುಟ್ಟಬ್ಯಾಡ, ನಾ ಬರೋಬ್ಬರಿ ಸೆಟ್ ಮಾಡಿಟ್ಟೀನಿ. ಮತ್ತ ನಾ ಕೂತಾಗ ತಿರುವಬೇಕಾಗ್ತದ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸ್ವಭಾವತಃ ಒಳ್ಳೆಯವರು. ನಾನೂ ಎದುರು ಮಾತಾಡಲಿಲ್ಲ. ಮೂವತ್ತು ಮಕ್ಕಳನ್ನು ಕಣ್ಣಲ್ಲೇ ಸುಮ್ಮನಿರಿಸುವ ನಾನು, ಒಂದು ಗೇಣಿನ ಗಾಜಿನ ಮುಂದೆ ಸುಮ್ಮನಾದೆ. ಎಡಗಡೆಯ ಕನ್ನಡಿಯಂತೂ ಸದಾ ಮಡಚಿಯೇ ಇರುತ್ತಿತ್ತು. ನಮ್ಮ ಓಣಿ ಇಕ್ಕಟ್ಟು, ತಾಗಿ ಒಡೆದೀತೆಂದು ಮಡಚುವುದು. ಅದನ್ನು ಬಿಚ್ಚಬೇಕೆಂದರೆ ಪಕ್ಕದ ಸೀಟಿನ ಮೇಲೆ ಬಾಗಿ, ಗಾಜು ಇಳಿಸಿ, ಕೈ ಹೊರಗೆ ಚಾಚಬೇಕು. ಸೀರೆ ಉಟ್ಟುಕೊಂಡು, ಬೆಳಗಿನ ಗಡಿಬಿಡಿಯಲ್ಲಿ, ಯಾರು ಮಾಡುತ್ತಾರೆ? ನಾನಂತೂ ಮಾಡಲಿಲ್ಲ.

2018ರ ಡಿಸೆಂಬರ್. ಕಬ್ಬಿನ ಹಂಗಾಮು. ಹತ್ತಿರದ ಹಳ್ಳಿಯ ಹೈಸ್ಕೂಲಿಗೆ ಹೊರಟಿದ್ದೆ. ಮುಂದೆ ಕಬ್ಬಿನ ಟ್ರ್ಯಾಕ್ಟರು. ಅದರ ಹಿಂದೆ ನಿಧಾನವಾಗಿ ಬಂದು ಶಾಲೆಯ ದಾರಿಗೆ ಎಡಕ್ಕೆ ತಿರುವಿದೆ. ವೇಗ ಇಪ್ಪತ್ತೂ ಇರಲಿಲ್ಲ. ಏನೋ ತಗಡಿಗೆ ಬಡಿದ ಹಾಗೆ ಸದ್ದಾಯಿತು. ಇಳಿದು ಆ ಕಡೆ ಹೋಗಿ ನೋಡಿದರೆ ನಮ್ಮ ಎಂಟನೆಯ ತರಗತಿಯ ಹುಡುಗಿ. ಆಗೆಲ್ಲ ಎಂಟನೆಯವರಿಗೆ ಸರಕಾರ ಕೊಡುತ್ತಿದ್ದ ಹೊಸ ಸೈಕಲ್ಲು ಕೆಳಗೆ, ಅವಳು ಅದರ ಪಕ್ಕಕ್ಕೆ, ಎಡಗೈ ಬೇರೆ ಯಾರದೋ ಎಂಬಂತೆ ತಿರುಚಿಕೊಂಡು. ಸ್ವಲ್ಪ ಹಿಂದೆ ನಾನೇ ಅವಳನ್ನು ದಾಟಿ ಬಂದಿದ್ದೆ. ನಾನು ಟ್ರ್ಯಾಕ್ಟರಿನ ಹಿಂದೆ ನಿಧಾನವಾದಾಗ ಅವಳು ನನ್ನ ಎಡಕ್ಕೆ ಬಂದಿದ್ದಳು. ಮಡಚಿದ ಕನ್ನಡಿ ಬಿಚ್ಚಿದ್ದರೆ ಅವಳು ಅದರಲ್ಲಿ ಇರುತ್ತಿದ್ದಳು.

ಮೊಣಕೈಯ ಎಲುಬು ಮುರಿದಿತ್ತು. ದವಾಖಾನೆಯಲ್ಲಿ ಅವಳು ಅಳುತ್ತಲೇ ನನ್ನನ್ನು ಸಮಾಧಾನ ಮಾಡಿದಳು. "ನನಗ ಕನ್ನಡಿ ಇಲ್ಲರಿ ಟೀಚರ್, ಅದಕ್ಕ ನಾನೇ ಹಿಂದ ತಿರುಗಿ ನೋಡಿ ಬಂದೆ. ನಿಮಗ ಕನ್ನಡಿ ಇತ್ತಲ್ರಿ, ನೋಡೀರಿ ಅನಕೊಂಡೆ" ಎಂದಳು. ಅದರಲ್ಲಿ ಆಕ್ಷೇಪಣೆ ಏನೂ ಇರಲಿಲ್ಲ. ಅವಳು ಇದ್ದದ್ದನ್ನು ಹೇಳಿದಳು.

ಅವಳ ಅಪ್ಪ ಕೇಸು ಮಾಡಲಿಲ್ಲ. "ಅಕ್ಕೋರು ಬೇಕಂತ ಮಾಡ್ಯಾರೇನು" ಎಂದ. ಇದೇ ತಪ್ಪು ಟಂಟಂನ ಹುಡುಗ ಮಾಡಿದ್ದರೆ ಊರೆಲ್ಲ ಸೇರಿ ಅವನ ಕಾಲರು ಹಿಡಿಯುತ್ತಿತ್ತು. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ನನ್ನನ್ನು ಕಾಪಾಡಿತು. ಆಸ್ಪತ್ರೆಯ ಖರ್ಚು ನಾನೇ ಕೊಟ್ಟೆ. ಆದರೆ ಎಲುಬು ಕೂಡಿದರೂ ಮೊಣಕೈ ಪೂರ್ತಿ ಮಡಚಲು ಬರಲಿಲ್ಲ. ಬರೆಯುವುದು ಬಲಗೈ, ಅದಕ್ಕೇನೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಜಡೆಗೆ. ಜಡೆ ಹೆಣೆಯಲು ಎರಡೂ ಕೈ ತಲೆಯ ಹಿಂದೆ ಹೋಗಬೇಕು. ಅವಳು ಹತ್ತನೆಯ ತರಗತಿ ಮುಗಿಸುವ ತನಕ ದಿನಾಲು ಬೆಳಿಗ್ಗೆ ಅವಳ ಅವ್ವನೇ ಜಡೆ ಹೆಣೆದು ಕಳಿಸಿದಳು. ತರಗತಿಯಲ್ಲಿ ಆ ಎರಡು ಜಡೆ ಕಂಡಾಗೆಲ್ಲ ನನಗೆ ನನ್ನ ಮಡಚಿದ ಕನ್ನಡಿ ಕಾಣುತ್ತಿತ್ತು.

ಆಮೇಲೆ ಎರಡು ತಿಂಗಳು ನಾನು ಕಾರು ಮುಟ್ಟಲಿಲ್ಲ. ನಮ್ಮ ಓಣಿಯಲ್ಲಿ ಸರಕಾರಿ ಬಸ್ಸಿನ ನಿವೃತ್ತ ಡ್ರೈವರ್ ಒಬ್ಬರಿದ್ದಾರೆ. ನಾವೆಲ್ಲ ಕಾಕಾ ಎನ್ನುತ್ತೇವೆ. ಅವರೇ ಒಂದು ದಿನ ಬಂದು ಕಾರಿನ ಬಾಗಿಲು ತೆಗೆಸಿದರು. "ಬಾಯಾರ, ಡಿಪೋದಾಗ ಒಂದೇ ಬಸ್ಸಿಗೆ ಮುಂಜಾನೆ ಒಬ್ಬ, ಮಧ್ಯಾಹ್ನ ಒಬ್ಬ. ಒಬ್ಬ ಉದ್ದ, ಒಬ್ಬ ಗಿಡ್ಡ. ಸೀಟಿನ ಮ್ಯಾಲೆ ಕೂತವ ಮೊದಲ ಮಾಡೂದು ಕನ್ನಡಿ ತಿರುವೂದು. ಹಿಂದಿನವ ಏನ ಅಂತಾನ ಅಂತ ಯಾರೂ ಕೇಳಂಗಿಲ್ಲ. ಯಾರು ಕೂತಾರ, ಕನ್ನಡಿ ಅವರದು" ಎಂದರು.

ಇಷ್ಟೇ ನಾನು ನಿಮಗೆ ಹೇಳಬೇಕೆಂದಿರುವುದು. ಯಾರು ಕೂತಿದ್ದಾರೋ ಕನ್ನಡಿ ಅವರದು. ಕಾರು ಗಂಡನ ಹೆಸರಿನಲ್ಲಿರಲಿ, ಮಗನ ಹೆಸರಿನಲ್ಲಿರಲಿ, ಸಾಲ ಯಾರಾದರೂ ತುಂಬಲಿ. ಬೇರೆಯವರ ಕಣ್ಣಿನ ಅಳತೆಗೆ ಇಟ್ಟ ಕನ್ನಡಿಯಿಂದ ಗಾಡಿ ಓಡಿಸುವುದು ಬೇರೆಯವರ ಚಷ್ಮಾ ಹಾಕಿಕೊಂಡು ಓದಿದ ಹಾಗೆ. ಓದಿದರೆ ತಲೆನೋವು ಬರುತ್ತದೆ, ಅಷ್ಟೆ. ಓಡಿಸಿದರೆ ಇನ್ನೊಬ್ಬರ ಮಗಳ ಕೈ ಮುರಿಯುತ್ತದೆ.

ಹೇಗೆ ಹೊಂದಿಸಬೇಕೆಂದು ಕೇಳುತ್ತೀರಿ. ಅಡುಗೆಗೆ ಉಪ್ಪು ಹಾಕಿದಷ್ಟು ಸುಲಭ, ಆದರೆ ಮರೆಯಬಾರದು ಅಷ್ಟೆ. ಮೊದಲು ಸೀಟು. ಕಾಲು ಪೂರ್ತಿ ಕ್ಲಚ್ಚಿಗೆ ಮುಟ್ಟುವಂತೆ ಸರಿಸಿಕೊಳ್ಳಿ. ಗಿಡ್ಡ ಇದ್ದರೆ ನನ್ನ ಹಾಗೆ ಒಂದು ಗಟ್ಟಿ ದಿಂಬು ಹಾಕಿಕೊಳ್ಳಿ, ಜಾರದಂಥದ್ದು. ಬೆನ್ನು ಆನಿಸಿ, ಬೆಲ್ಟು ಹಾಕಿ, ಓಡಿಸುವಾಗ ಹೇಗೆ ಕೂರುತ್ತೀರೋ ಹಾಗೆಯೇ ಕೂತುಕೊಂಡು ಕನ್ನಡಿಗೆ ಕೈ ಹಾಕಿ. ಕನ್ನಡಿಗಾಗಿ ಕತ್ತು ಚಾಚಬಾರದು, ಕನ್ನಡಿಯೇ ನಿಮ್ಮ ಕಡೆ ಬರಬೇಕು.

ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಕಾಣಬೇಕು. ನಿಮ್ಮ ಕಿವಿ, ಹೂವು, ಹಿಂದೆ ಕೂತ ಅತ್ತೆಯ ಮುಖ, ಇವು ಕಂಡರೆ ಕನ್ನಡಿ ತಪ್ಪಿದೆ ಎಂದೇ ಅರ್ಥ. ಅಂಚು ಹಿಡಿದು ತಿರುವಿ, ಗಾಜಿನ ಮೇಲೆ ಬೆರಳ ಗುರುತು ಬಿದ್ದರೆ ರಾತ್ರಿ ಬೆಳಕು ಒಡೆದು ಕಾಣುತ್ತದೆ. ಮುಂದೆ ತೂಗಹಾಕಿದ ಹಾರ, ಗೊಂಬೆ ತೆಗೆಯಿರಿ. ದೇವರ ಪಟ ಇರಲಿ ಎನ್ನುವವರು ಡ್ಯಾಶ್‌ಬೋರ್ಡಿನ ಮೇಲೆ ಇಡಿ. ದೇವರು ಅಡ್ಡ ನಿಂತು ದಾರಿ ಮರೆಮಾಡುವವನಲ್ಲ.

ಹೊರಗಿನ ಕನ್ನಡಿಗಳಲ್ಲಿ ಹೆಚ್ಚಿನವರಿಗೆ ತಮ್ಮದೇ ಕಾರಿನ ಬಾಗಿಲು ಅರ್ಧ ಕಾಣುತ್ತಿರುತ್ತದೆ. ನಮ್ಮ ಬಾಗಿಲನ್ನು ಯಾರೂ ಕದ್ದೊಯ್ಯುವುದಿಲ್ಲ, ಅದನ್ನು ಯಾಕೆ ನೋಡಬೇಕು? ಒಳ ಅಂಚಿನಲ್ಲಿ ಒಂದು ಬಳೆಯ ಅಗಲದಷ್ಟು ಕಾರು ಕಂಡರೆ ಸಾಕು ಎನ್ನುತ್ತಾರೆ ಕಾಕಾ, ಉಳಿದದ್ದೆಲ್ಲ ದಾರಿ ಇರಬೇಕು. ದೂರದ ಬಯಲು ಕನ್ನಡಿಯ ನಡುಮಧ್ಯಕ್ಕೆ ಬರಬೇಕು. ಅಮೆರಿಕದ ಜಾರ್ಜ್ ಪ್ಲಾಟ್ಜರ್ ಎಂಬ ಎಂಜಿನಿಯರ್ 1995ರಲ್ಲಿ ಇದನ್ನು ಲೆಕ್ಕ ಹಾಕಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಅವನ ಪ್ರಕಾರ ನಮ್ಮ ಕಾರು ಕಾಣಲೇಬಾರದು. ನಮ್ಮ ಬಲಗಡೆ ಸ್ಟೇರಿಂಗ್ ಇರುವ ಗಾಡಿಗೆ ಅದನ್ನು ಹೀಗೆ ಮಾಡಬೇಕು. ತಲೆಯನ್ನು ಬಲಗಡೆ ಗಾಜಿಗೆ ತಾಗಿಸಿ, ಬಲಗಡೆಯ ಕನ್ನಡಿಯಲ್ಲಿ ಕಾರಿನ ಅಂಚು ಚೂರೇ ಕಾಣುವಷ್ಟು ಹೊರಕ್ಕೆ ತಿರುವಿ. ಆಮೇಲೆ ತಲೆಯನ್ನು ಎರಡು ಸೀಟುಗಳ ನಡುವಿಗೆ ತಂದು ಎಡಗಡೆಯದನ್ನೂ ಹಾಗೆಯೇ ಮಾಡಿ. ನೆಟ್ಟಗೆ ಕೂತ ಮೇಲೆ ನಮ್ಮ ಕಾರು ಮಾಯವಾಗಿ ಪಕ್ಕದ ದಾರಿ ಕಾಣುತ್ತದೆ. ದಾಟಿ ಹೋಗುವ ಬಸ್ಸು ಒಳಗಿನ ಕನ್ನಡಿಯಿಂದ ಜಾರುವುದರೊಳಗೆ ಹೊರಗಿನದಕ್ಕೆ ಬರಬೇಕು, ಅದರಿಂದ ಜಾರುವುದರೊಳಗೆ ಕಣ್ಣಿನ ಅಂಚಿಗೆ ಬರಬೇಕು. ನಡುವೆ ಎಲ್ಲಿಯೂ ಮಾಯವಾಗಬಾರದು. ಎರಡನ್ನೂ ಮಾಡಿ ನೋಡಿ, ನಿಮ್ಮ ಕಣ್ಣಿಗೆ ಒಗ್ಗಿದ್ದನ್ನು ಇಟ್ಟುಕೊಳ್ಳಿ. ಓಣಿಯಲ್ಲಿ ಹಿಂದಕ್ಕೆ ತೆಗೆಯುವಾಗ ಕಾಕಾನ ಬಳೆಯ ಅಳತೆ ನನಗೆ ಹೆಚ್ಚು ಅನುಕೂಲ.

ಇನ್ನೆರಡು ಮಾತು ನೆನಪಿಡಿ. ಹೊರಗಿನ ಕನ್ನಡಿ ಸಾಮಾನ್ಯವಾಗಿ ಉಬ್ಬಿರುತ್ತದೆ. ಅದರಲ್ಲಿ ಲಾರಿ ಚಿಕ್ಕದಾಗಿ, ದೂರದಲ್ಲಿದ್ದಂತೆ ಕಾಣುತ್ತದೆ. ಕನ್ನಡಿಯೊಳಗಿನ ಗಂಟು ಕೈಗೆ ಸಿಗದು ಎನ್ನುತ್ತಾರೆ, ಆದರೆ ಈ ಕನ್ನಡಿಯೊಳಗಿನ ಲಾರಿ ನಾವು ಅಂದುಕೊಂಡದ್ದಕ್ಕಿಂತ ಮುಂಚೆಯೇ ಬಂದು ಸೇರುತ್ತದೆ. ಎರಡನೆಯದು, ಒಳಗಿನ ಕನ್ನಡಿಯ ಕೆಳಗೆ ಒಂದು ಸಣ್ಣ ಹಿಡಿಕೆ ಇರುತ್ತದೆ. ಅದು ಏಕಿದೆ ಎಂದು ನಮ್ಮ ಮನೆಯವರಿಗೂ ಗೊತ್ತಿರಲಿಲ್ಲ. ರಾತ್ರಿ ಹಿಂದಿನವನ ದೀಪ ಕಣ್ಣಿಗೆ ಹೊಡೆದರೆ ಅದನ್ನು ಎಳೆಯಬೇಕು, ಬೆಳಕು ಮಂಕಾಗುತ್ತದೆ. ಕನ್ನಡಿಯ ಗಾಜು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹಿಡಿಕೆ ಎಳೆದಾಗ ಹಿಂದಿನ ಲೇಪನದ ಪ್ರತಿಬಿಂಬ ಛಾವಣಿಯ ಕಡೆ ಹೋಗಿ, ಗಾಜಿನ ಮೈ ಮೇಲಿನ ಮಸುಕು ಬಿಂಬ ಮಾತ್ರ ಕಣ್ಣಿಗೆ ಬರುತ್ತದೆ. ಎಷ್ಟು ಹೊಂದಿಸಿದರೂ ಕನ್ನಡಿಗೆ ಸಿಗದ ಒಂದು ಕುರುಡು ಮೂಲೆ ಉಳಿದೇ ಉಳಿಯುತ್ತದೆ. ತಿರುವುವ ಮುಂಚೆ, ಬಾಗಿಲು ತೆರೆಯುವ ಮುಂಚೆ, ಒಮ್ಮೆ ಕತ್ತು ತಿರುಗಿಸಿ ನೋಡಿ. ಆ ಹುಡುಗಿ ಸೈಕಲ್ ಮೇಲೆ ಅಷ್ಟನ್ನಾದರೂ ಮಾಡಿದ್ದಳು.

ಸ್ಕೂಟಿಯವರೇ, ನಿಮಗೂ ಇದೇ ಮಾತು. ಕನ್ನಡಿಯಲ್ಲಿ ನಿಮ್ಮ ಮೊಣಕೈಯೇ ತುಂಬಿಕೊಂಡಿದ್ದರೆ ಹೊರಕ್ಕೆ ತಿರುವಿ. ಬೊಟ್ಟು ಸರಿ ಇದೆಯೇ ಎಂದು ಅದರಲ್ಲಿ ನೋಡಿಕೊಂಡರೆ ನನಗೇನೂ ಸಿಟ್ಟಿಲ್ಲ, ನಾನೂ ನೋಡಿಕೊಂಡವಳೇ. ನೋಡಿದ ಮೇಲೆ ಕನ್ನಡಿಯನ್ನು ಅದರ ಜಾಗಕ್ಕೆ ತಿರುಗಿಸಿ ಹೊರಡಿ.

ಇದಕ್ಕೆಲ್ಲ ಬರುವ ಉತ್ತರಗಳು ನನಗೆ ಬಾಯಿಪಾಠವಾಗಿವೆ. ಇಪ್ಪತ್ತು ವರ್ಷದಿಂದ ಓಡಸ್ತೀನಿ, ಕನ್ನಡಿ ನೋಡೇ ಇಲ್ಲ ಎನ್ನುತ್ತಾರೆ. ಅದು ಅನುಭವವಲ್ಲ, ಇಪ್ಪತ್ತು ವರ್ಷ ಬೇರೆಯವರು ಅವರನ್ನು ತಪ್ಪಿಸಿಕೊಂಡು ಓಡಾಡಿದ್ದಾರೆ. ಈಗಿನ ಗಾಡಿಗೆ ಕ್ಯಾಮೆರಾ ಬಂದಿದೆ ಎನ್ನುತ್ತಾರೆ. ಹಿಂದಕ್ಕೆ ತೆಗೆಯುವಾಗ ಅದು ಒಳ್ಳೆಯದೇ, ಆದರೆ ಎಡಕ್ಕೆ ತಿರುವುವಾಗ ಪಕ್ಕದ ಸೈಕಲ್ಲನ್ನು ತೋರಿಸಲು ನಮ್ಮಂಥವರ ಕಾರಿನಲ್ಲಿ ಕನ್ನಡಿಯೇ ಬೇಕು. ಎಡಗಡೆ ಕನ್ನಡಿ ಯಾತಕ್ಕೆ, ದಾಟುವವರು ಬಲಕ್ಕಲ್ಲವೇ ಎನ್ನುತ್ತಾರೆ. ಈ ವಾದ ಕಂಪನಿಗಳಿಗೂ ಹಿಡಿಸಿತ್ತೇನೋ. 2009ರಲ್ಲಿ ನ್ಯಾನೊ ಬಂದಾಗ ಅದಕ್ಕೆ ಬಲಗಡೆ ಒಂದೇ ಕನ್ನಡಿ. ಎಡಗಡೆಯವರ ಜೀವ ಖರ್ಚು ಉಳಿಸುವ ಜಾಗ ಎಂದು ಲೆಕ್ಕ ಹಾಕಿದ ಹಾಗಿತ್ತು. ದಾಟುವವರು ಬಲಕ್ಕೆ ಹೋಗುತ್ತಾರೆ, ಸರಿ. ಎಡಕ್ಕೆ ಯಾರಿರುತ್ತಾರೆ? ನಡೆಯುವವರು, ಸೈಕಲ್ಲಿನವರು, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತವರು, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ ಹೆಂಗಸರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಬಾಗಿಲಲ್ಲಿ ನಮ್ಮ ಗದ್ದಲ ಎಷ್ಟೆಂದು ನಿಮಗೇ ಗೊತ್ತು. ಆ ಡ್ರೈವರು ಎಡಗನ್ನಡಿ ನೋಡದೆ ಗೇರು ಹಾಕಿದರೆ ಬೀಳುವವರು ಯಾರು? ಎಡಗಡೆ ಇರುವವರೆಲ್ಲ ಬಡವರು, ಮಕ್ಕಳು, ಹೆಂಗಸರು. ಮಡಚಿದ ಎಡಗನ್ನಡಿ ಎಂದರೆ ಅವರೆಲ್ಲರಿಗೂ ಬಾಗಿಲು ಹಾಕಿದ ಹಾಗೆ.

ನಮ್ಮ ಮನೆಯಲ್ಲಿ ಈಗ ದಿನಕ್ಕೆರಡು ಸಲ ಕನ್ನಡಿ ತಿರುಗುತ್ತದೆ. ಬೆಳಿಗ್ಗೆ ನನ್ನ ಅಳತೆಗೆ, ಸಂಜೆ ಅವರ ಅಳತೆಗೆ. ಮೊದಮೊದಲು ಗೊಣಗುತ್ತಿದ್ದರು. ಒಂದು ದಿನ ಗಡಿಯಾರ ಹಿಡಿದು ನೋಡಿದೆ, ಮೂರೂ ಕನ್ನಡಿಗೆ ಸೇರಿ ಒಂದು ನಿಮಿಷವೂ ಆಗಲಿಲ್ಲ. ಈಗ ಗೊಣಗುವುದಿಲ್ಲ. ಓಣಿಯ ತುದಿಗೆ ಬಂದ ಕೂಡಲೇ ಎಡಗಡೆಯದನ್ನು ಅವರೂ ಬಿಚ್ಚುತ್ತಾರೆ.

ಆ ಹುಡುಗಿ ಈಗ ಡಿಗ್ರಿ ಓದುತ್ತಾಳೆ. ಕೂದಲು ಹೆಗಲ ತನಕ ಕತ್ತರಿಸಿಕೊಂಡಿದ್ದಾಳೆ, ಜಡೆಯ ಪಂಚಾಯಿತಿ ಮುಗಿಯಿತೆಂದು ನಗುತ್ತಾಳೆ. ಹೋದ ಬೇಸಗೆಯಲ್ಲಿ ಮನೆಗೆ ಬಂದು "ನಾನೂ ಕಾರ ಕಲೀಬೇಕ್ರಿ ಟೀಚರ್" ಎಂದಳು. ಊರ ಹೊರಗಿನ ಬಯಲಿಗೆ ಕರೆದುಕೊಂಡು ಹೋ‌ದೆ. ಡ್ರೈವರ್ ಸೀಟಿನಲ್ಲಿ ಕೂತಳು, ಬೆಲ್ಟು ಹಾಕಿಕೊಂಡಳು. ನನಗಿಂತ ಒಂದು ಗೇಣು ಎತ್ತರ ಬೆಳೆದಿದ್ದಾಳೆ. ಮೇಲಿನ ಕನ್ನಡಿ ನೋಡಿದಳು, ನನ್ನ ಕಡೆ ನೋಡಿದಳು. "ಟೀಚರ್, ಇದು ನಿಮ್ಮ ಅಳತಿಗೆ ಅದರಿ. ತಿರುವಲೇನ್ರಿ?" ಎಂದು ಕೇಳಿದಳು.

"ಕೇಳಬ್ಯಾಡ, ತಿರುವು" ಎಂದೆ.